ಮಗನ ಸಂಗೀತ ಯಾತ್ರೆ, ತಾಯಿಯ ಕೊನೆಯ ಪಯಣ

ಮಕ್ಕಳು ಚಿಕ್ಕವರಿರುವಾಗ ಅವರ ಕೈಹಿಡಿದು ವೇದಿಕೆಗೆ ಕರೆದೊಯ್ಯುವ ತಂದೆ ತಾಯಂದಿರು ಎಲ್ಲ ಕಾಲದಲ್ಲೂ ಎಲ್ಲ ದೇಶಗಳಲ್ಲೂ ಸಿಗುತ್ತಾರೆ. ಆದರೆ ಮಕ್ಕಳು ಬೆಳೆದು ದೊಡ್ಡವರಾಗಿ, ಊರೂರು ಸುತ್ತುವ ಕಲಾವಿದರಾದ ಮೇಲೆ ಅವರ ಹಿಂದೆ ಹೊರಡುವವರ ಪಾಡೇ ಬೇರೆ. ಅಲ್ಲಿ ಹಿರಿಯರ ಮಾತು ನಡೆಯುವುದಿಲ್ಲ, ಆತಂಕವಂತೂ ಬಿಡುವುದಿಲ್ಲ. ಅಮೆರಿಕದ ಹೆಸರಾಂತ ‘ಬೀಚ್ ಬಾಯ್ಸ್’ ತಂಡದಲ್ಲಿ ಬ್ರಯಾನ್, ಡೆನಿಸ್, ಕಾರ್ಲ್ ಎಂಬ ಮೂವರು ಅಣ್ಣತಮ್ಮಂದಿರಿದ್ದರು. ಅವರ ತಂದೆ ಮರ್ರಿ ವಿಲ್ಸನ್ ತಂಡದ ಮ್ಯಾನೇಜರ್. ತಂದೆಯ ಗದರಿಕೆ ಸಾಕಾಗಿ 1964ರಲ್ಲಿ ಮಕ್ಕಳೇ ಅವರನ್ನು ಆ ಕೆಲಸದಿಂದ ಬಿಡಿಸಿದರು. ಅದೇ ದಿನಗಳಲ್ಲಿ ಇಂಗ್ಲೆಂಡಿನ ‘ಬೀಟಲ್ಸ್’ ತಂಡದ ಜಾರ್ಜ್ ಹ್ಯಾರಿಸನ್ ಅವರ ತಾಯಿ ಲೂಯಿಸ್, ಮಗನ ಅಭಿಮಾನಿಗಳು ಬರೆದ ಪತ್ರಗಳಿಗೆ ಮನೆಯಲ್ಲಿ ಕುಳಿತು ತಾವೇ ಉತ್ತರ ಬರೆಯುತ್ತಿದ್ದರು.

ಇವರೆಲ್ಲರಿಗಿಂತ ಸುಮಾರು ಎರಡು ಶತಮಾನ ಮೊದಲು, ಬೆಳೆದ ಮಗನ ಸಂಗೀತ ಪ್ರವಾಸಕ್ಕೆ ಜೊತೆಯಾಗಿ ಹೊರಟು ಮತ್ತೆ ಮನೆಗೆ ಮರಳದೇ ಹೋದ ತಾಯಿಯೊಬ್ಬಳಿದ್ದಳು. ಹೆಸರು ಆನ್ನಾ ಮರಿಯಾ. ಮಗ ವುಲ್ಫ್‌ಗ್ಯಾಂಗ್ ಅಮೆಡಿಯಸ್ ಮೊಜಾರ್ಟ್. ಮಗನ ಹೆಸರು ತಿಳಿಯದವರು ವಿರಳ. ತಾಯಿಯ ಹೆಸರು ತಿಳಿದವರೂ ಅಷ್ಟೇ ವಿರಳ. ಆ ಪ್ರವಾಸದ ಕಾಲದಲ್ಲಿ ತಾಯಿ, ಮಗ, ತಂದೆ ಒಬ್ಬರಿಗೊಬ್ಬರು ಬರೆದ ಪತ್ರಗಳು ಹೆಚ್ಚಿನ ಸಂಖ್ಯೆಯಲ್ಲಿ ಉಳಿದುಬಂದಿವೆ. ಹಾಗಾಗಿ ಆ ಒಂಬತ್ತು ತಿಂಗಳಲ್ಲಿ ಏನೇನು ನಡೆಯಿತೆಂಬುದು ಇಂದಿಗೂ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಸರೋವರದ ಊರಿನ ಹುಡುಗಿ

ಆನ್ನಾ ಮರಿಯಾ ಹುಟ್ಟಿದ್ದು 1720ರ ಡಿಸೆಂಬರ್ 25ರಂದು, ಆಸ್ಟ್ರಿಯದ ಸಾಲ್ಜ್‌ಬರ್ಗ್ ಸಮೀಪದ ಸರೋವರದ ದಂಡೆಯಲ್ಲಿರುವ ಸಾಂಕ್ಟ್ ಗಿಲ್ಗೆನ್ ಎಂಬ ಪುಟ್ಟ ಊರಿನಲ್ಲಿ. ತಂದೆ ಅಲ್ಲಿನ ಆಡಳಿತಾಧಿಕಾರಿ. ಆಕೆ ಇನ್ನೂ ಎಳೆಯ ಮಗುವಾಗಿದ್ದಾಗಲೇ ಆತ ಸಾಲ ಬಿಟ್ಟು ತೀರಿಕೊಂಡ. ತಾಯಿ ಮಕ್ಕಳು ಊರು ತೊರೆದು ಸಾಲ್ಜ್‌ಬರ್ಗ್ ಸೇರಿ, ಚಿಕ್ಕದೊಂದು ಪಿಂಚಣಿಯಲ್ಲಿ ಬದುಕಬೇಕಾಯಿತು. 1747ರಲ್ಲಿ ಆಕೆ ಆರ್ಚ್‌ಬಿಷಪ್‌ರ ಆಸ್ಥಾನದ ಪಿಟೀಲುವಾದಕ ಲಿಯೋಪೋಲ್ಡ್ ಮೊಜಾರ್ಟ್‌ನ ಕೈಹಿಡಿದಳು. ಹೆತ್ತದ್ದು ಏಳು ಮಕ್ಕಳನ್ನು, ಉಳಿದದ್ದು ಎರಡು ಮಾತ್ರ. 1751ರಲ್ಲಿ ಹುಟ್ಟಿದ ಮಗಳು ನಾನರ್ಲ್. 1756ರ ಜನವರಿ 27ರಂದು ಹುಟ್ಟಿದ ಮಗ ವುಲ್ಫ್‌ಗ್ಯಾಂಗ್.

ಮಗನ ಬಾಲಪ್ರತಿಭೆ ಯುರೋಪನ್ನೇ ಬೆರಗುಗೊಳಿಸಿದ ಕಥೆ ಹಳೆಯದು. 1763ರಿಂದ 1766ರವರೆಗೆ ಇಡೀ ಕುಟುಂಬ ಪ್ಯಾರಿಸ್, ಲಂಡನ್, ಹೇಗ್ ಎಂದು ಸುತ್ತಿತು. ಅಂದು ರಾಜ ರಾಣಿಯರು ಪುಟ್ಟ ಹುಡುಗನನ್ನು ಮುದ್ದಿಸಿ ಉಡುಗೊರೆ ಕೊಟ್ಟು ಕಳಿಸಿದ್ದರು. ಮುಂದೆ ಇಟಲಿಗೆ ತಂದೆ ಮಗ ಇಬ್ಬರೇ ಮೂರು ಬಾರಿ ಹೋಗಿಬಂದರು. ಆಗ ಖರ್ಚು ಉಳಿಸಲೆಂದು ತಾಯಿ ಮಗಳು ಮನೆಯಲ್ಲೇ ಉಳಿದರು.

ಆದರೆ ಬಾಲಪ್ರತಿಭೆಗೆ ಒಂದು ಕೊರತೆಯಿದೆ. ಅದಕ್ಕೆ ವಯಸ್ಸಾಗುತ್ತದೆ. 21 ತುಂಬಿದ ಮೊಜಾರ್ಟ್ ಸಾಲ್ಜ್‌ಬರ್ಗ್ ಆಸ್ಥಾನದಲ್ಲಿ ವರ್ಷಕ್ಕೆ 150 ಗುಲ್ಡನ್ ಸಂಬಳದ ನೌಕರ. ಆರ್ಚ್‌ಬಿಷಪ್ ಕೊಲೊರೆಡೊಗೆ ತನ್ನ ವಾದಕರು ಊರೂರು ಅಲೆಯುವುದು ಹಿಡಿಸುತ್ತಿರಲಿಲ್ಲ. 1777ರ ಆಗಸ್ಟ್‌ನಲ್ಲಿ ಮೊಜಾರ್ಟ್ ಬಿಡುಗಡೆ ಕೇಳಿದಾಗ, ತಂದೆ ಮಗ ಇಬ್ಬರೂ ಎಲ್ಲಿ ಬೇಕಾದರೂ ಹೋಗಿ ಅದೃಷ್ಟ ಹುಡುಕಿಕೊಳ್ಳಬಹುದೆಂಬ ಕೊಂಕಿನ ಅಪ್ಪಣೆ ಹೊರಟಿತು. ಲಿಯೋಪೋಲ್ಡ್ ಬೆದರಿದ. ಮನೆಯ ಒಲೆ ಉರಿಯುತ್ತಿದ್ದುದೇ ಅವನ ಸಂಬಳದಿಂದ. ಹೇಗೋ ಅವನ ಕೆಲಸ ಉಳಿಯಿತು. ಆದರೆ ಮಗನೊಂದಿಗೆ ಹೊರಡುವ ದಾರಿ ಮುಚ್ಚಿತು.

ಮಗನನ್ನು ಒಬ್ಬನೇ ಕಳಿಸಲು ತಂದೆಗೆ ಧೈರ್ಯವಿಲ್ಲ. ಪೆಟ್ಟಿಗೆ ಜೋಡಿಸುವುದು, ಛತ್ರದ ಲೆಕ್ಕ ನೋಡುವುದು, ಹಣ ಹಿಡಿದು ಖರ್ಚು ಮಾಡುವುದು ಇವು ಯಾವುವೂ ಮಗನಿಗೆ ಅಭ್ಯಾಸವಿರಲಿಲ್ಲ. ಹೊಗಳುವವರು ಸಿಕ್ಕರೆ ಅವರ ಮನೆಯಲ್ಲೇ ಉಳಿದುಬಿಡುವ ಸ್ವಭಾವ ಬೇರೆ. ಹೀಗೆ ಕಾವಲಿಗೆ, ಆರೈಕೆಗೆ, ಲೆಕ್ಕಪತ್ರಕ್ಕೆ ಎಂದು 56 ವರ್ಷದ ತಾಯಿ ಜೊತೆಗೆ ಹೊರಡುವುದೆಂದು ತೀರ್ಮಾನವಾಯಿತು.

1777ರ ಸೆಪ್ಟೆಂಬರ್ 23ರ ಬೆಳಗಿನ ಜಾವ ಸಾರೋಟು ಹೊರಟಿತು. ದುಃಖ ತಡೆದುಕೊಳ್ಳುವ ಯತ್ನದಲ್ಲಿ ಮಗನಿಗೆ ಆಶೀರ್ವಾದ ಮಾಡುವುದನ್ನೇ ಮರೆತು, ನೆನಪಾಗಿ ಕಿಟಕಿಗೆ ಓಡಿ ಅಲ್ಲಿಂದಲೇ ಹರಸಿದೆ ಎಂದು ಲಿಯೋಪೋಲ್ಡ್ ತನ್ನ ಪತ್ರದಲ್ಲಿ ಬರೆದ. ಗಾಡಿ ಆಗಲೇ ಕಣ್ಮರೆಯಾಗಿತ್ತು. ಮಗಳು ದಿನವಿಡೀ ಅತ್ತು ಹಾಸಿಗೆ ಹಿಡಿದಳು. ಅತ್ತ ಮಗನಿಗೆ ಮಾತ್ರ ಗೂಡಿನಿಂದ ಹಾರಿದ ಹಕ್ಕಿಯ ಹಿಗ್ಗು. ಗಾಡಿಯವರಿಗೆ ದುಡ್ಡು ಕೊಡುವುದರಿಂದ ಹಿಡಿದು ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದೇನೆ, ತಾನೀಗ ಇನ್ನೊಬ್ಬ ಅಪ್ಪನೇ ಆಗಿದ್ದೇನೆ ಎಂದು ಅವನು ಮೊದಲ ಪತ್ರದಲ್ಲೇ ಬೀಗಿದ.

ಗಡಿಯಾರಗಳ ಉಡುಗೊರೆ, ಖಾಲಿಯಾದ ಚೀಲ

ಈ ಪ್ರವಾಸ ಏಕೆ ಸೋತಿತು? ಮೊಜಾರ್ಟ್‌ನ ಪ್ರತಿಭೆ ಕುಂದಿತ್ತೆಂದು ಅಲ್ಲ. ಅಂದಿನ ಸಂಗೀತಗಾರರ ಬದುಕು ನಡೆಯುತ್ತಿದ್ದ ಬಗೆಯೇ ಅದಕ್ಕೆ ಕಾರಣ. ಟಿಕೆಟ್ ಮಾರಿ ಊರೂರಲ್ಲಿ ಕಛೇರಿ ನಡೆಸಿ ಜೀವನ ಸಾಗಿಸುವ ವ್ಯವಸ್ಥೆ ಇನ್ನೂ ಗಟ್ಟಿಯಾಗಿರಲಿಲ್ಲ. ಬದುಕಿಗೆ ಭದ್ರತೆ ಬೇಕಿದ್ದರೆ ಯಾವುದಾದರೂ ದೊರೆಯ ಆಸ್ಥಾನದಲ್ಲಿ ಹುದ್ದೆ ದೊರೆಯಬೇಕು. ಹುದ್ದೆ ಖಾಲಿಯಾಗುವುದು ಒಬ್ಬ ಸತ್ತಾಗ ಅಥವಾ ಬಿಟ್ಟುಹೋದಾಗ. ಅಲ್ಲಿಯವರೆಗೆ ಕಾಯಬೇಕು. ಕಾಯುವಷ್ಟು ದಿನವೂ ವಸತಿ, ಊಟ, ಸೌದೆ, ಬಟ್ಟೆ ಎಲ್ಲಕ್ಕೂ ಕೈಯಿಂದ ಹಣ ತೆರಬೇಕು. ಏಳು ವರ್ಷದ ಹುಡುಗ ಬಾರಿಸಿದರೆ ಅದು ಅದ್ಭುತ. ಇಪ್ಪತ್ತೊಂದರ ತರುಣ ಬಾರಿಸಿದರೆ ಅವನು ಕೆಲಸ ಕೇಳಿಬಂದ ಹಲವರಲ್ಲಿ ಒಬ್ಬ.

ಮ್ಯೂನಿಕ್‌ನಲ್ಲಿ ಬವೇರಿಯದ ದೊರೆ ಮೊಜಾರ್ಟ್‌ನನ್ನು ಕಂಡು ಮಾತಾಡಿಸಿದ. ಆದರೆ ಹುದ್ದೆ ಖಾಲಿ ಇಲ್ಲವೆಂದ. ತಂದೆಯ ಹುಟ್ಟೂರಾದ ಆಗ್ಸ್‌ಬರ್ಗ್‌ನಲ್ಲಿ ಕಛೇರಿ ನಡೆಯಿತು, ಹೊಗಳಿಕೆ ಬಂತು, ಹಣ ಹೆಚ್ಚು ಬರಲಿಲ್ಲ. ಊರಿಂದೂರಿಗೆ ಹೊರಡುವಾಗ ಪೆಟ್ಟಿಗೆ ಕಟ್ಟುವ ಕೆಲಸವೆಲ್ಲ ತಾಯಿಯದೇ. ಬೆವರು ಸುರಿಸುತ್ತ, ಈ ಪ್ರಯಾಣಕ್ಕೆ ಹಿಡಿಶಾಪ ಹಾಕುತ್ತ ಸಾಮಾನು ಜೋಡಿಸುತ್ತಿದ್ದೇನೆಂದು ಆಕೆ ಗಂಡನಿಗೆ ಬರೆದಳು. ಆಕೆಯ ಕಾಗದಗಳಲ್ಲಿ ಸಾಲ್ಜ್‌ಬರ್ಗಿನ ಆಡುಮಾತು, ಒರಟು ನಗೆ, ಮನೆಯ ನಾಯಿಯ ಯೋಗಕ್ಷೇಮ ಎಲ್ಲವೂ ಇದ್ದವು.

ಅಕ್ಟೋಬರ್ 30ರಂದು ತಾಯಿ ಮಗ ಮಾನ್‌ಹೈಮ್ ತಲುಪಿದರು. ಅಲ್ಲಿನ ಆಸ್ಥಾನದ ವಾದ್ಯವೃಂದ ಯುರೋಪಿನಲ್ಲೇ ಹೆಸರುವಾಸಿ. ದೊರೆ ಕಾರ್ಲ್ ಥಿಯೋಡೋರ್ ಮೊಜಾರ್ಟ್‌ನ ವಾದನ ಕೇಳಿ ಮೆಚ್ಚಿ ಚಿನ್ನದ ಗಡಿಯಾರವೊಂದನ್ನು ಕೊಟ್ಟ. ಮೊಜಾರ್ಟ್‌ಗೆ ಬೇಕಿದ್ದುದು ನಗದು. ಇಂಥ ಗಡಿಯಾರಗಳು ಆಗಲೇ ಅವನ ಬಳಿ ಐದಾಗಿದ್ದವು. ಹುದ್ದೆಯ ವಿಷಯಕ್ಕೆ ಇಂದು ನಾಳೆ ಎನ್ನುತ್ತಲೇ ಚಳಿಗಾಲ ಬಂತು. ಮಗ ಸಂಗೀತಗಾರ ಗೆಳೆಯರ ಮನೆಗಳಲ್ಲಿ ಊಟ, ಅಭ್ಯಾಸ, ಹರಟೆ ಎಂದು ಹೊರಗೇ ಇರುತ್ತಿದ್ದ. ತಾಯಿ ಒಬ್ಬಳೇ ಬಾಡಿಗೆ ಕೋಣೆಯಲ್ಲಿ. ಸೌದೆ ತುಟ್ಟಿ. ಚಳಿಗೆ ಕೈ ಮರಗಟ್ಟಿ ಲೇಖನಿ ಹಿಡಿಯುವುದೇ ಕಷ್ಟವಾಗಿದೆ ಎಂಬ ಆಕೆಯ ಸಾಲು ಮಾನ್‌ಹೈಮಿನ ಆ ದಿನಗಳದ್ದು. ಕೊನೆಗೆ ಆಸ್ಥಾನದ ಅಧಿಕಾರಿಯೊಬ್ಬರ ಮನೆಯಲ್ಲಿ ವಸತಿ ಸಿಕ್ಕಿತು. ಅದಕ್ಕೆ ಪ್ರತಿಯಾಗಿ ಮೊಜಾರ್ಟ್ ಆ ಮನೆಯ ಹುಡುಗಿಗೆ ಪಾಠ ಹೇಳಬೇಕಿತ್ತು.

ಗುಟ್ಟಾಗಿ ಬರೆದ ನಾಲ್ಕು ಸಾಲು

ಮೂಲ ಯೋಜನೆ ಹೀಗಿತ್ತು. ಚಳಿಗಾಲ ಕಳೆದ ಮೇಲೆ ತಾಯಿ ಸಾಲ್ಜ್‌ಬರ್ಗಿಗೆ ಮರಳುವುದು, ಮಗ ಮಾನ್‌ಹೈಮಿನ ಹಿರಿಯ ವಾದಕರ ಜೊತೆ ಪ್ಯಾರಿಸ್‌ಗೆ ಹೋಗುವುದು. ಈ ಯೋಜನೆಯನ್ನು ತಲೆಕೆಳಗು ಮಾಡಿದ್ದು ಪ್ರೇಮ. ಮಾನ್‌ಹೈಮಿನ ಬಡ ಸಂಗೀತಗಾರ ಫ್ರಿಡೊಲಿನ್ ವೆಬರ್‌ನ ಮಗಳು ಅಲೋಯ್ಸಿಯಾಳ ಹಾಡಿಗೆ, ಆ ಹುಡುಗಿಗೂ, ಮೊಜಾರ್ಟ್ ಮನಸೋತ. ಪ್ಯಾರಿಸ್ ಬೇಡ, ವೆಬರ್ ಕುಟುಂಬದೊಂದಿಗೆ ಇಟಲಿಗೆ ಹೋಗಿ ಅವಳನ್ನು ದೊಡ್ಡ ಗಾಯಕಿಯಾಗಿ ಮಾಡುತ್ತೇನೆಂದು 1778ರ ಫೆಬ್ರವರಿ 4ರಂದು ತಂದೆಗೆ ಬರೆದ.

ಆ ಪತ್ರದ ಕೊನೆಯಲ್ಲಿ ತಾಯಿ ಸೇರಿಸಿದ ಕೆಲವು ಸಾಲುಗಳಿವೆ. ಹೊಸಬರ ಪರಿಚಯವಾದರೆ ಸಾಕು, ನಿಮ್ಮ ಮಗ ತನ್ನ ಪ್ರಾಣವನ್ನೂ ಸೊತ್ತನ್ನೂ ಅವರಿಗೆ ಒಪ್ಪಿಸಲು ಸಿದ್ಧನಾಗುತ್ತಾನೆ; ಹುಡುಗಿ ಚೆನ್ನಾಗಿ ಹಾಡುತ್ತಾಳೆ ನಿಜ, ಆದರೆ ತನ್ನ ಹಿತವನ್ನು ಮರೆಯಬಾರದಲ್ಲವೇ ಎಂಬುದು ಅವುಗಳ ತಾತ್ಪರ್ಯ. ಮಗ ಊಟಕ್ಕೆ ಹೋಗಿರುವಾಗ, ಅವನಿಗೆ ತಿಳಿಯದಂತೆ, ಅವಸರದಲ್ಲಿ ಇದನ್ನು ಬರೆಯುತ್ತಿದ್ದೇನೆಂದೂ ಆಕೆ ಹೇಳಿದ್ದಾಳೆ.

ಆಕೆಯ ಇಕ್ಕಟ್ಟು ಈ ಸಾಲುಗಳಲ್ಲೇ ಇದೆ. ಗಂಡ ಆಕೆಯನ್ನು ಕಳಿಸಿದ್ದು ಮಗನ ಮೇಲೆ ಕಣ್ಣಿಡಲು. ಆದರೆ ಎದುರಿಗೆ ನಿಂತು ಬೇಡವೆನ್ನುವ ಅಧಿಕಾರ ಆಕೆಗಿರಲಿಲ್ಲ. ಬೆಳೆದ ಮಗ ಕೇಳುವವನಲ್ಲ. ಸುಮ್ಮನಿದ್ದರೆ ಗಂಡನ ಮಾತಿಗೆ ತಪ್ಪಿದಂತೆ, ಬರೆದರೆ ಮಗನ ನಂಬಿಕೆಗೆ ಎರಡು ಬಗೆದಂತೆ. ಆಕೆ ಬರೆದಳು. ಅದರ ಫಲ ಆಕೆಗೇ ತಟ್ಟಿತು.

ಪತ್ರ ಓದಿದ ಲಿಯೋಪೋಲ್ಡ್ ಕಿಡಿಕಿಡಿಯಾದ. ಕೂಡಲೇ ಪ್ಯಾರಿಸ್‌ಗೆ ಹೊರಡು ಎಂದು ಮಗನಿಗೆ ಆಜ್ಞೆ ಮಾಡಿದ. ಇನ್ನು ಇವನನ್ನು ಒಬ್ಬನೇ ಬಿಡುವಂತಿಲ್ಲವೆಂದು, ಊರಿಗೆ ಮರಳಬೇಕಿದ್ದ ತಾಯಿಯೂ ಅವನೊಂದಿಗೆ ಹೋಗಬೇಕೆಂದ. ಮಾರ್ಚ್ 14ರಂದು ಹೊರಟ ಗಾಡಿ ಒಂಬತ್ತು ದಿನಗಳಿಗೂ ಹೆಚ್ಚು ಕಾಲ ಉರುಳಿ 23ರಂದು ಪ್ಯಾರಿಸ್ ಸೇರಿತು. ಕೊನೆಯ ಎರಡು ದಿನ ಬಿರುಗಾಳಿ, ಮಳೆ. ಗಾಡಿಯೊಳಗೇ ಇಬ್ಬರೂ ತೊಯ್ದು ತೊಪ್ಪೆಯಾದರು.

ಸೂರ್ಯ ಕಾಣದ ಕೋಣೆ

ಪ್ಯಾರಿಸ್‌ನಲ್ಲಿ ಮೊದಲು ಸಿಕ್ಕ ಕೋಣೆ ಪುಟ್ಟ ಒಳಅಂಗಳದ ಕಡೆ ಮುಖ ಮಾಡಿದ್ದು. ಮೆಟ್ಟಿಲು ಎಷ್ಟು ಕಿರಿದೆಂದರೆ ಮಗನ ವಾದ್ಯವನ್ನು ಮೇಲಕ್ಕೆ ಸಾಗಿಸಲಾಗಲಿಲ್ಲ. ಹಾಗಾಗಿ ಅವನು ಸಂಗೀತ ರಚನೆಗೆ ‘ಕಾನ್ಸೆರ್ ಸ್ಪಿರಿತ್ಯುಯೆಲ್’ ಎಂಬ ಕಛೇರಿ ಸಂಸ್ಥೆಯ ನಿರ್ದೇಶಕ ಲೆಗ್ರೋನ ಮನೆಗೆ ಹೋಗುತ್ತಿದ್ದ. ಆನ್ನಾ ಮರಿಯಾಗೆ ಫ್ರೆಂಚ್ ಬಾರದು. ಇಡೀ ದಿನ ಬಂಧನದಲ್ಲಿದ್ದಂತೆ ಒಬ್ಬಳೇ ಕುಳಿತಿರುತ್ತೇನೆ, ಸೂರ್ಯನ ಮುಖ ಕಾಣುವುದಿಲ್ಲ, ಹೊರಗೆ ಬಿಸಿಲೋ ಮಳೆಯೋ ತಿಳಿಯುವುದಿಲ್ಲ, ಹೆಣಿಗೆ ಹಾಕಲು ಬೇಕಾದಷ್ಟು ಬೆಳಕೂ ಕಷ್ಟದಿಂದ ಬರುತ್ತದೆ ಎಂದು ಏಪ್ರಿಲ್ 5ರಂದು ಊರಿಗೆ ಬರೆದಳು. ಬಾಡಿಗೆ ತಿಂಗಳಿಗೆ 30 ಲಿವ್ರ್. ಊಟವಂತೂ ಬಾಯಿಗಿಡಲಾಗದಂಥದು. ಕೆಲ ದಿನಗಳ ನಂತರ ಬೀದಿಗೆ ಕಿಟಕಿಯಿದ್ದ ಇನ್ನೊಂದು ವಸತಿ ಸಿಕ್ಕಿದ್ದು ಆಕೆಗೆ ದೊಡ್ಡ ಸಮಾಧಾನ.

ಮಗನ ಅನುಭವವೂ ಸಿಹಿಯಾಗಿರಲಿಲ್ಲ. ಶ್ರೀಮಂತ ಮಹಿಳೆಯೊಬ್ಬರ ಮನೆಯಲ್ಲಿ ಬೆಂಕಿಯಿಲ್ಲದ ತಣ್ಣನೆಯ ಕೋಣೆಯಲ್ಲಿ ಅವನನ್ನು ಕಾಯಿಸಿದರು. ಡ್ಯೂಕ್ ಒಬ್ಬರಿಗಾಗಿ ಕೊಳಲು ಮತ್ತು ಹಾರ್ಪ್ ವಾದ್ಯಗಳ ಕನ್ಚರ್ಟೊ ಬರೆದುಕೊಟ್ಟರೂ ಹಣ ಸಕಾಲಕ್ಕೆ ಬರಲಿಲ್ಲ. ವರ್ಸೈಲ್ಸ್‌ನಲ್ಲಿ ಆರ್ಗನ್ ವಾದಕನ ಹುದ್ದೆಯೊಂದರ ಪ್ರಸ್ತಾಪ ಬಂತು. ವರ್ಷದಲ್ಲಿ ಆರು ತಿಂಗಳ ಕೆಲಸ, 2000 ಲಿವ್ರ್ ಸಂಬಳ. ತಂದೆ ಯೋಚಿಸು ಎಂದ, ಮಗನಿಗೆ ಮನಸ್ಸಾಗಲಿಲ್ಲ.

ಜೂನ್ ಆರಂಭದ ದಿನಗಳು ಮಾತ್ರ ಹಿತವಾಗಿದ್ದವು. ಕೊಂಬುವಾದಕ ಹೈನಾ ಎಂಬ ಸ್ನೇಹಿತನೊಂದಿಗೆ ತಾಯಿ ಲಕ್ಸೆಂಬರ್ಗ್ ಉದ್ಯಾನಕ್ಕೆ ಹೋಗಿ ಅಲ್ಲಿನ ಚಿತ್ರಶಾಲೆ ನೋಡಿಬಂದಳು. ಜೂನ್ 12ರ ಪತ್ರದಲ್ಲಿ ಇದನ್ನೆಲ್ಲ ಹೇಳಿ, ಹಿಂದಿನ ದಿನ ರಕ್ತ ತೆಗೆಸಿದ್ದರಿಂದ ಹೆಚ್ಚು ಬರೆಯಲಾಗದು ಎಂದಳು. ದೇಹದಿಂದ ರಕ್ತ ಹರಿಸುವುದು ಅಂದಿನ ವೈದ್ಯದ ಸಾಮಾನ್ಯ ಪದ್ಧತಿ. ಆಕೆಯ ಪತ್ರಗಳಲ್ಲಿ ಅದೇ ಕೊನೆಯದು.

ಜೂನ್ 18ರಂದು ಮಗನಿಗೆ ಪ್ಯಾರಿಸ್‌ನಲ್ಲಿ ಮೊದಲ ದೊಡ್ಡ ಗೆಲುವು. ‘ಪ್ಯಾರಿಸ್ ಸಿಂಫನಿ’ ಎಂದು ಇಂದು ಹೆಸರಾಗಿರುವ ಅವನ ಕೃತಿಯನ್ನು ಸಾರ್ವಜನಿಕ ಕಛೇರಿಯಲ್ಲಿ ನುಡಿಸಲಾಯಿತು. ಕೃತಿಯ ನಡುವೆಯೇ ಜನ ಚಪ್ಪಾಳೆ ತಟ್ಟಿದರು. ಸಂತೋಷದಿಂದ ಅವನು ಪಲೇ ರೊಯಾಲ್‌ಗೆ ಹೋಗಿ ಐಸ್ ತಿಂದು, ಹರಕೆ ಹೊತ್ತಿದ್ದಂತೆ ಜಪಮಾಲೆ ಎಣಿಸಿ ಮನೆಗೆ ಮರಳಿದ. ಮರುದಿನ ತಾಯಿ ಕಾಯಿಲೆಯಿಂದ ಮಲಗಿದಳು.

ಫ್ರೆಂಚ್ ವೈದ್ಯರು ಬೇಡವೆಂದು ಆಕೆಯ ಹಟ. ಜರ್ಮನ್ ವೈದ್ಯನೊಬ್ಬ ಸಿಗುವ ವೇಳೆಗೆ ದಿನಗಳು ಕಳೆದಿದ್ದವು. ವೃದ್ಧ ವೈದ್ಯ ಕೊಟ್ಟ ಪುಡಿಯಿಂದ ಗುಣ ಕಾಣಲಿಲ್ಲ. ಕಿವಿ ಕೇಳದಾಯಿತು, ಪ್ರಜ್ಞೆ ತಪ್ಪಿತು. ಜುಲೈ 3ರ ರಾತ್ರಿ 10 ಗಂಟೆ 21 ನಿಮಿಷಕ್ಕೆ ಆನ್ನಾ ಮರಿಯಾ ತೀರಿಕೊಂಡಳು. ಬಳಿಯಿದ್ದವರು ಮಗ, ಹೈನಾ ಮತ್ತು ಒಬ್ಬ ದಾದಿ. ಮರುದಿನ ಸಂತ ಯೂಸ್ಟಾಶ್ ಚರ್ಚಿನ ವತಿಯಿಂದ ಅಂತ್ಯಕ್ರಿಯೆ ನಡೆಯಿತು.

ಎರಡು ಪತ್ರಗಳ ರಾತ್ರಿ

ಅದೇ ರಾತ್ರಿ ಮೊಜಾರ್ಟ್ ಎರಡು ಪತ್ರ ಬರೆದ. ಒಂದು ತಂದೆಗೆ. ತಾಯಿಗೆ ತೀರಾ ಕಾಯಿಲೆ, ಎಲ್ಲವೂ ದೇವರ ಚಿತ್ತ ಎಂದು ಆರಂಭಿಸಿ ಸಿಂಫನಿಯ ಯಶಸ್ಸು, ಊರಿನ ಸುದ್ದಿ ಎಲ್ಲವನ್ನೂ ಅದರಲ್ಲಿ ಬರೆದ. ಇನ್ನೊಂದು ಸಾಲ್ಜ್‌ಬರ್ಗಿನ ಕುಟುಂಬ ಸ್ನೇಹಿತ ಪಾದ್ರಿ ಬುಲ್ಲಿಂಗರ್‌ಗೆ. ಅದರಲ್ಲಿ ನಿಜ ತಿಳಿಸಿ, ತಂದೆಯ ಮನಸ್ಸನ್ನು ಮೆಲ್ಲನೆ ಸಿದ್ಧಗೊಳಿಸಬೇಕೆಂದು ಕೇಳಿಕೊಂಡ. ಇದನ್ನು ಸುಳ್ಳುಗಾರಿಕೆ ಎಂದವರಿದ್ದಾರೆ. ದೂರದೂರಿನಲ್ಲಿ ಒಬ್ಬನೇ ಹೆಣದ ಮುಂದೆ ಕುಳಿತ 22 ವರ್ಷದ ಮಗ ತಂದೆಗೂ ಅದೇ ಗತಿಯಾದೀತೆಂದು ಹೆದರಿದ್ದರೆ ಆಶ್ಚರ್ಯವಿಲ್ಲ. ಸಾವಿನ ಸುದ್ದಿಯನ್ನು ಒಮ್ಮೆಗೇ ಹೇಳದೆ ‘ಸೀರಿಯಸ್’ ಎಂದು ತಿಳಿಸುವ ರೂಢಿ ನಮಗೂ ಹೊಸದಲ್ಲ.

ಅಂಚೆಗೆ ಹತ್ತು ದಿನ ಹಿಡಿಯಿತು. ಜುಲೈ 26 ಸಂತ ಆನ್ನಾಳ ಹಬ್ಬ, ಅಂದರೆ ಹೆಂಡತಿಯ ನಾಮದಿನ. ಶುಭಾಶಯ ಸಕಾಲಕ್ಕೆ ತಲುಪಲೆಂದು ಲಿಯೋಪೋಲ್ಡ್ ಜುಲೈ 12ರಂದೇ ಆಕೆಗೆ ಪತ್ರ ಆರಂಭಿಸಿದ್ದ. ಮರುದಿನ ಬೆಳಿಗ್ಗೆ ಮಗನ ಕಾಗದ ಬಂತು. ಓದಿದ ಕೂಡಲೇ ಅವನಿಗೆ ಹೊಳೆಯಿತು. ಅರ್ಧ ಬರೆದಿದ್ದ ಅದೇ ಹಾಳೆಯಲ್ಲಿ ತನ್ನ ಶಂಕೆಯನ್ನೂ ಅಳುವನ್ನೂ ತೋಡಿಕೊಂಡ. ಮಧ್ಯಾಹ್ನದ ನಂತರ ಬುಲ್ಲಿಂಗರ್ ಬಂದು ಶಂಕೆ ನಿಜವೆಂದು ತಿಳಿಸಿದ. ಹೆಂಡತಿಯ ಶುಭಾಶಯವೆಂದು ಆರಂಭವಾದ ಪತ್ರ ಆಕೆಯ ಶೋಕಪತ್ರವಾಗಿ ಮುಗಿಯಿತು.

ಮುಂದಿನ ಪತ್ರಗಳಲ್ಲಿ ತಂದೆಯ ದುಃಖ ದೂಷಣೆಗೆ ತಿರುಗಿತು. ಮಾನ್‌ಹೈಮಿನಿಂದ ಮನೆಗೆ ಬಂದಿದ್ದರೆ ಆಕೆ ಸಾಯುತ್ತಿರಲಿಲ್ಲವೆಂದು ಬರೆದ. ಪ್ಯಾರಿಸ್‌ಗೆ ಹೋಗಲು ಹೇಳಿದ್ದು ಅವನೇ. ಹೇಳುವಂತೆ ಮಾಡಿದ್ದು ಮಗನ ಹುಚ್ಚಾಟ. ವೈದ್ಯನನ್ನು ದೂರ ಇಟ್ಟದ್ದು ಆಕೆಯೇ. ಎಲ್ಲಕ್ಕಿಂತ ಮಿಗಿಲಾಗಿ, ಆ ಕಾಲದಲ್ಲಿ ಇಂಥ ಜ್ವರಕ್ಕೆ ಖಚಿತ ಚಿಕಿತ್ಸೆಯೇ ಇರಲಿಲ್ಲ. ಪತ್ರಗಳನ್ನು ಓದಿದವರಿಗೆ ತಪ್ಪನ್ನು ಒಬ್ಬರ ತಲೆಗೆ ಕಟ್ಟಲು ಮನಸ್ಸು ಬಾರದು. ಮೊಜಾರ್ಟ್ ಆ ವರ್ಷ ಪ್ಯಾರಿಸ್‌ನಲ್ಲಿ ಬರೆದ ಎ ಮೈನರ್ ಪಿಯಾನೊ ಸೊನಾಟಾದಲ್ಲಿ ತಾಯಿಯ ಸಾವಿನ ನೋವಿದೆ ಎನ್ನುವ ಮಾತು ಪ್ರಚಾರದಲ್ಲಿದೆ. ಅವನ ಪತ್ರಗಳಲ್ಲಿ ಅದಕ್ಕೆ ಆಧಾರ ಸಿಗುವುದಿಲ್ಲ.

1779ರ ಜನವರಿಯಲ್ಲಿ ಮಗ ಬರಿಗೈಯಲ್ಲಿ ಊರಿಗೆ ಮರಳಿದ. ದಾರಿಯಲ್ಲಿ ಮ್ಯೂನಿಕ್‌ನಲ್ಲಿ ಅಲೋಯ್ಸಿಯಾ ಅವನನ್ನು ನಿರಾಕರಿಸಿದ್ದಳು. ಸಾಲ್ಜ್‌ಬರ್ಗ್ ಆಸ್ಥಾನದಲ್ಲಿ ಆರ್ಗನ್ ವಾದಕನಾಗಿ ಅವನಿಗೆ ಸಿಕ್ಕಿದ್ದು ವರ್ಷಕ್ಕೆ 450 ಗುಲ್ಡನ್.

ತಂದೆಯ ಸರದಿ

1781ರಲ್ಲಿ ಮೊಜಾರ್ಟ್ ಆ ಕೆಲಸವನ್ನೂ ಬಿಟ್ಟು ವಿಯೆನ್ನಾದಲ್ಲಿ ನೆಲೆಸಿದ. ಮರುವರ್ಷ ಅಲೋಯ್ಸಿಯಾಳ ತಂಗಿ ಕಾನ್‌ಸ್ಟಾಂಜೆಯನ್ನು ಮದುವೆಯಾದ. ತಂದೆಗೆ ಎರಡೂ ಇಷ್ಟವಿರಲಿಲ್ಲ. ಆದರೂ 1785ರ ಫೆಬ್ರವರಿ 11ರಂದು 65 ವರ್ಷದ ಲಿಯೋಪೋಲ್ಡ್ ಮಗನ ಮನೆ ಬಾಗಿಲಲ್ಲಿ ಇಳಿದ. ಮಗನ ಮನೆಬಾಡಿಗೆಯೇ ವರ್ಷಕ್ಕೆ 460 ಗುಲ್ಡನ್. ಸಾಲ್ಜ್‌ಬರ್ಗ್ ಕೊಟ್ಟ ಸಂಬಳಕ್ಕಿಂತ ಹೆಚ್ಚು. ಅಂದು ಸಂಜೆಯೇ ಮಗನ ಕಛೇರಿ. ಮುಂಗಡ ಚಂದಾ ಕೊಟ್ಟವರೇ 150ಕ್ಕೂ ಮಿಕ್ಕು. ಹೊಸ ಡಿ ಮೈನರ್ ಪಿಯಾನೊ ಕನ್ಚರ್ಟೊದ ಪ್ರತಿಗಳನ್ನು ನಕಲುಗಾರ ಇನ್ನೂ ಬರೆಯುತ್ತಲೇ ಇದ್ದ. ಅದರ ಕೊನೆಯ ಭಾಗವನ್ನು ಒಮ್ಮೆ ನುಡಿಸಿ ನೋಡಲೂ ಮಗನಿಗೆ ಪುರುಸೊತ್ತಾಗಿರಲಿಲ್ಲ. ಮರುದಿನ ಮನೆಗೆ ಬಂದ ಹಿರಿಯ ಸಂಗೀತಕಾರ ಹೇಡನ್, ತಾನು ಬಲ್ಲ ಸಂಗೀತ ರಚನಕಾರರಲ್ಲಿ ನಿಮ್ಮ ಮಗನೇ ಶ್ರೇಷ್ಠನೆಂದು ದೇವರಾಣೆಯಾಗಿ ಲಿಯೋಪೋಲ್ಡ್‌ಗೆ ಹೇಳಿದ.

ಹತ್ತು ವಾರ ತಂದೆ ಮಗನ ಹಿಂದೆ ಕಛೇರಿಯಿಂದ ಕಛೇರಿಗೆ ತಿರುಗಿದ. ರಾತ್ರಿ ಒಂದಕ್ಕೆ ಮೊದಲು ಮಲಗುವಂತಿಲ್ಲ. ಮಗನ ಪಿಯಾನೊವನ್ನು ಮನೆಯಿಂದ ಸಭಾಂಗಣಕ್ಕೆ ಹೊರುವ ಕೆಲಸಕ್ಕೆ ಕೊನೆಯಿಲ್ಲ. ಸುಸ್ತು, ಹೆಮ್ಮೆ, ತುಸು ಗೊಣಗು ಎಲ್ಲವನ್ನೂ ಅವನು ಮಗಳಿಗೆ ಬರೆದ. ಏಪ್ರಿಲ್ 25ರಂದು ವಿಯೆನ್ನಾ ಬಿಟ್ಟ. ತಂದೆ ಮಗ ಮತ್ತೆ ಒಬ್ಬರನ್ನೊಬ್ಬರು ಕಾಣಲಿಲ್ಲ. ಲಿಯೋಪೋಲ್ಡ್ 1787ರ ಮೇ 28ರಂದು ತೀರಿಕೊಂಡ.

ತಂದೆ ಕಂಡ ಈ ಗೆಲುವನ್ನು ತಾಯಿ ಕಾಣಲಿಲ್ಲ. ಆಕೆಯ ಪಾಲಿಗೆ ಬಂದದ್ದು ಪೆಟ್ಟಿಗೆ ಕಟ್ಟುವುದು, ಲೆಕ್ಕ ಬರೆಯುವುದು, ಕತ್ತಲೆ ಕೋಣೆಯಲ್ಲಿ ಮಗನ ದಾರಿ ಕಾಯುವುದು. ಪ್ಯಾರಿಸ್‌ನಲ್ಲಿ ಆಕೆಯ ಸಮಾಧಿಯ ಗುರುತು ಉಳಿದಿಲ್ಲ. ಸಂತ ಯೂಸ್ಟಾಶ್ ಚರ್ಚಿನಲ್ಲಿ ಒಂದು ಸ್ಮಾರಕ ಫಲಕವಿದೆ, ಅಷ್ಟೇ. ವಿಯೆನ್ನಾದಿಂದ ಲಿಯೋಪೋಲ್ಡ್ ಮಗಳಿಗೆ ಬರೆದ ಪತ್ರಗಳು ಹೋಗಿ ಸೇರಿದ್ದು ಸಾಂಕ್ಟ್ ಗಿಲ್ಗೆನ್‌ಗೆ. ನಾನರ್ಲ್ 1784ರಲ್ಲಿ ಮದುವೆಯಾಗಿ ಹೋದದ್ದು ಅದೇ ಊರಿನ ಆಡಳಿತಾಧಿಕಾರಿಯ ಮನೆಗೆ. ಅವಳ ತಾಯಿ ಹುಟ್ಟಿದ್ದೂ ಅದೇ ಮನೆಯಲ್ಲಿ.